ಮಾರ್ಚ್‌ನಲ್ಲಿ ಅಪ್ಪ ಅಮ್ಮ ಬರ್ತಿದ್ದಾರೆ, ದಕ್ಷಿಣ ಸ್ಪೇನ್‌ನ ಆಂಡಲೂಸಿಯಾದ ಸೆಮಾನಾ ಸಾಂತಾ ಮೆರವಣಿಗೆ ತೋರಿಸ್ಬೇಕು – ಸೆವಿಯಾ ಒಳ್ಳೇದಾ, ಮಾಲಗಾ ಒಳ್ಳೇದಾ?

ಹೇಮಾವತಿ_ದಂಡೆ:

ಎಲ್ರಿಗೂ ನಮಸ್ಕಾರ. ನಾವು ಮ್ಯಾಡ್ರಿಡ್‌ನಲ್ಲಿರೋದು, ಊರು ಹಾಸನದ ಕಡೆ. 2027ರ ಮಾರ್ಚ್‌ನಲ್ಲಿ ಅಪ್ಪ ಅಮ್ಮ ಬರ್ತಿದ್ದಾರೆ, ಏಪ್ರಿಲ್ 7ಕ್ಕೆ ಯುಗಾದಿ, ಹಬ್ಬಕ್ಕೆ ಮುಂಚೆ ಊರಲ್ಲಿರ್ಲೇಬೇಕು ಅಂತ ಅಮ್ಮ ಈಗ್ಲೇ ಹೇಳಿಬಿಟ್ಟಿದ್ದಾರೆ. ಅಮ್ಮಂಗೆ ಉತ್ಸವ, ಮೆರವಣಿಗೆ ಅಂದ್ರೆ ಪ್ರಾಣ, ಯಾವ ದೇವ್ರದ್ದಾದ್ರೂ ಸರಿ ನಿಂತು ಕೈ ಮುಗೀತಾರೆ. ನಮ್ಮ ಪಕ್ಕದ ಮನೆಯವ್ರು ಸೆವಿಯಾದವ್ರು, ಈಸ್ಟರ್ ಮುಂಚಿನ ವಾರ ಅಲ್ಲಿ ಆಗೋ ಸೆಮಾನಾ ಸಾಂತಾ ಬಗ್ಗೆ ಮಾತು ಶುರು ಮಾಡಿದ್ರೆ ಆ ಯಜಮಾನ್ರಿಗೆ ಕಣ್ಣಲ್ಲಿ ನೀರೇ ಬರುತ್ತೆ, ಅದನ್ನ ನೋಡಿ ನಮಗೂ ಹೋಗ್ಲೇಬೇಕು ಅನ್ಸಿದೆ.

ನನಗೆ ಗೊತ್ತಿಲ್ದೇ ಇರೋದು ಬಹಳ ಇದೆ. ಒಂದು, ಸೆವಿಯಾಗೆ ಹೋಗೋದಾ ಮಾಲಗಾಗೆ ಹೋಗೋದಾ. ಅಪ್ಪಂಗೆ ಮಂಡಿ ನೋವು, ಒಂದು ಗಂಟೆಗಿಂತ ಜಾಸ್ತಿ ನಿಲ್ಲೋಕಾಗಲ್ಲ. ಕ್ರಿಶ್ಚಿಯನ್ನರಲ್ಲದವ್ರು ಹೋದ್ರೆ ಏನಾದ್ರೂ ಅಂದ್ಕೋತಾರಾ? ಆಮೇಲೆ ಆ ಚೂಪು ಟೋಪಿ ಹಾಕಿ ಮುಖ ಮುಚ್ಕೊಂಡಿರೋರ ವಿಡಿಯೋ ನೋಡಿ ನನ್ನ ಮಗಳು ಹೆದ್ರಿಕೊಂಡಿದ್ದಾಳೆ, ಅದು ಏನು ಅಂತ ಅವಳಿಗೆ ಹೇಗೆ ಹೇಳ್ಲಿ? ನಾವು ಮೊಟ್ಟೆನೂ ತಿನ್ನಲ್ಲ, ಊಟಕ್ಕೆ ಏನ್ಮಾಡೋದು? ಕೆಲವ್ರು ಅದೆಲ್ಲ ಬಿಡಿ, ಏಪ್ರಿಲ್‌ನಲ್ಲಿ ಸೆವಿಯಾದಲ್ಲಿ ನಡೆಯೋ ಫೆರಿಯಾ ಜಾತ್ರೆ ನೋಡಿ ಅಂತಾರೆ. ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ.

ತ್ರಿಯಾನಾ_ಸೇತುವೆ:

ಮೇಡಂ, ನಾನು ಸೆವಿಯಾದಲ್ಲೇ ಇರೋದು, ನದಿ ಆಚೆ ತ್ರಿಯಾನಾ ಬಡಾವಣೆ. ಸ್ವಲ್ಪ ಉದ್ದ ಆಗುತ್ತೆ, ಓದ್ಕೊಳ್ಳಿ.

2027ರಲ್ಲಿ ಈಸ್ಟರ್ ಮಾರ್ಚ್ 28, ಅಂದ್ರೆ ಮೆರವಣಿಗೆ ಶುರು ಆಗೋದು ಹಿಂದಿನ ಭಾನುವಾರ ಮಾರ್ಚ್ 21ಕ್ಕೆ. ಯುಗಾದಿಗೆ ಊರು ಸೇರೋಕೆ ಬೇಕಾದಷ್ಟು ಟೈಮ್ ಇದೆ. ಫೆರಿಯಾ ಸಾಮಾನ್ಯವಾಗಿ ಈಸ್ಟರ್ ಆಗಿ ಎರಡು ವಾರ ಬಿಟ್ಟು ಬರೋದು, ಆಗ ನಿಮ್ಮ ಅಮ್ಮ ಹಾಸನದಲ್ಲಿರ್ತಾರೆ, ಆ ಪ್ರಶ್ನೆ ಅಲ್ಲಿಗೆ ಮುಗೀತು.

ಮೊದ್ಲು ಇದನ್ನ ನಡೆಸೋದು ಯಾರು ಅಂತ ಗೊತ್ತಿದ್ರೆ ನೋಡೋ ಕಣ್ಣೇ ಬೇರೆ ಆಗುತ್ತೆ. ಇದು ಸರ್ಕಾರದ್ದೂ ಅಲ್ಲ, ಟೂರಿಸಂನವ್ರದ್ದೂ ಅಲ್ಲ. ಎರ್‌ಮಾಂದಾದ್ ಅಂತ ಇರ್ತಾವೆ, ಒಂದೊಂದು ಚರ್ಚಿಗೆ, ಒಂದೊಂದು ಬಡಾವಣೆಗೆ ಸೇರಿದ ಭಕ್ತರ ಸಂಘ, ಕೆಲವಕ್ಕೆ ನಾಲ್ಕೈದು ಶತಮಾನದ ಇತಿಹಾಸ ಇದೆ. ಆ ವಾರದಲ್ಲಿ ಇಂಥ ಸುಮಾರು 60 ಸಂಘಗಳು ತಮ್ಮ ಚರ್ಚಿಂದ ಹೊರಟು ಊರಿನ ಮುಖ್ಯ ಕ್ಯಾಥೆಡ್ರಲ್ ಒಳಗೆ ಹಾದು ವಾಪಸ್ ಮನೆಗೆ ಬರ್ತಾವೆ. ದೂರದ ಬಡಾವಣೆಯವ್ರಿಗೆ ಹೋಗಿ ಬರೋಕೆ ಹನ್ನೆರಡು ಗಂಟೆಗಿಂತ ಜಾಸ್ತಿನೂ ಹಿಡಿಯುತ್ತೆ. ಮಕ್ಕಳು ಹುಟ್ಟಿದ ವಾರಕ್ಕೇ ಸಂಘಕ್ಕೆ ಹೆಸ್ರು ಬರೆಸೋರಿದ್ದಾರೆ, ತಾತ ಹಾಕಿದ ನಿಲುವಂಗಿನ ಮೊಮ್ಮಗ ಹಾಕ್ತಾನೆ, ನಿಮ್ಮ ಪಕ್ಕದ ಮನೆಯವ್ರ ಕಣ್ಣಲ್ಲಿ ನೀರು ಬರೋದಕ್ಕೆ ಕಾರಣ ಅದೇ.

ಪ್ರತಿ ಸಂಘಕ್ಕೂ ಸಾಮಾನ್ಯವಾಗಿ ಎರಡು ಪಾಸೋ ಇರುತ್ತೆ, ಪಾಸೋ ಅಂದ್ರೆ ಹೊತ್ತು ಸಾಗಿಸೋ ದೊಡ್ಡ ಮರದ ಮಂಟಪ, ಮೊದಲನೇದ್ರಲ್ಲಿ ಯೇಸು, ಎರಡನೇದ್ರಲ್ಲಿ ಚಿನ್ನದ ಕಸೂತಿ ಚಪ್ಪರದ ಕೆಳಗೆ ಮೇರಿಯಮ್ಮ, ಮುಂದೆ ಸಾಲು ಸಾಲು ಮೇಣದಬತ್ತಿ. ತೂಕ ಟನ್‌ಗಟ್ಟಲೆ. ಚಕ್ರ ಇಲ್ಲ. ಕೆಳಗೆ ಪರದೆ ಇಳಿಬಿಟ್ಟಿರ್ತಾರೆ, ಅದ್ರೊಳಗೆ 30ರಿಂದ 50 ಜನ ಕೊಸ್ತಲೇರೋಗಳು ಅಡ್ಡ ತೊಲೆಗೆ ಕತ್ತು ಕೊಟ್ಟು ಹೊರ್ತಾರೆ, ಭುಜದ ಮೇಲಲ್ಲ, ಕತ್ತಿನ ಹಿಂದಿನ ಮೂಳೆ ಮೇಲೆ. ತಲೆಗೆ ಗೋಣಿ ತರದ ದಪ್ಪ ಬಟ್ಟೆ ಸುತ್ಕೊಂಡಿರ್ತಾರೆ, ಅದೇ ಕೊಸ್ತಾಲ್. ಅವ್ರಿಗೆ ಹೊರಗಡೆ ಏನೂ ಕಾಣಲ್ಲ. ಮುಂದೆ ಕಪ್ಪು ಸೂಟ್ ಹಾಕಿದ ಮೇಸ್ತ್ರಿ ಇರ್ತಾನೆ, ಕಪತಾಸ್ ಅಂತಾರೆ, ಅವನು ಮಂಟಪದ ಮುಂದಿರೋ ಲೋಹದ ಬಡಿಗೆನ ಒಮ್ಮೆ ಬಡಿದು ಒಳಗಿನವ್ರನ್ನ ಹೆಸ್ರು ಹಿಡಿದು ಕರೆದು ಮಾತಾಡ್ತಾನೆ, ಈ ಸಲದ ಎತ್ತುವಿಕೆ ಇಂಥವ್ರ ತಾಯಿಗೆ, ಆಸ್ಪತ್ರೆಲಿರೋ ಇಂಥವ್ರಿಗೆ ಅಂತ ಅರ್ಪಿಸ್ತಾನೆ, ಕೊನೇ ಬಡಿತಕ್ಕೆ ಅಷ್ಟೂ ಜನ ಒಟ್ಟಿಗೆ ಜಿಗಿದು ಮಂಟಪ ಗಾಳಿಲಿ ಮೇಲೆದ್ದು ಕೂರುತ್ತೆ, ಚಪ್ಪರದ ಬೆಳ್ಳಿ ಕಂಬಗಳೆಲ್ಲ ಗಲಗಲ ಅಂತ ಅಲುಗಾಡ್ತಾವೆ. ಪರದೆ ಕೆಳಗೆ ನಿಮಗೆ ಕಾಣೋದು ಸಾಲು ಸಾಲು ಕ್ಯಾನ್ವಾಸ್ ಚಪ್ಪಲಿಗಳು ಮಾತ್ರ. ಚರ್ಚಿನ ಬಾಗ್ಲು ಚಿಕ್ಕದಿರೋ ಕಡೆ ಅವ್ರು ಮಂಡಿಯೂರಿಕೊಂಡೇ ಹೊತ್ತು ಹೊರಗೆ ತರ್ತಾರೆ. ಇದಕ್ಕೆ ಜನವರಿ ಫೆಬ್ರವರಿಯಿಂದಲೇ ರಾತ್ರಿ ಹೊತ್ತು ಅಭ್ಯಾಸ, ಬರೀ ಚೌಕಟ್ಟಿನ ಮೇಲೆ ಮರಳು ಮೂಟೆ ಹೇರಿಕೊಂಡು ಆಫೀಸ್ ಮುಗಿಸಿದ ಹುಡುಗರು ಬೀದಿಲಿ ನಡೀತಿರ್ತಾರೆ.

ಈಗ ನಿಮ್ಮ ವಿಷಯ. ಅಪ್ಪಂಗೆ ನಿಲ್ಲೋಕಾಗಲ್ಲ ಅಂದ್ರೆ ಬೆಳಗ್ಗೆ ಚರ್ಚಿಗೆ ಹೋಗಿ. ಅವತ್ತು ಹೊರಡೋ ಮಂಟಪಗಳನ್ನ ಅಲಂಕಾರ ಮುಗಿಸಿ ಒಳಗೆ ಇಟ್ಟಿರ್ತಾರೆ, ಮಧ್ಯಾಹ್ನದವರೆಗೂ ಯಾರು ಬೇಕಾದ್ರೂ ಒಳಗೆ ಹೋಗಿ ನೋಡ್ಬಹುದು. ಹೂವು, ಮೇಣ, ಕಸೂತಿ ಎಲ್ಲ ಕೈಯಳತೆ ದೂರದಲ್ಲಿ. ನಿಮ್ಮ ಅಮ್ಮಂಗೆ ಇದೇ ಅತಿ ಇಷ್ಟ ಆಗುತ್ತೆ ಅಂತ ನನ್ನ ಅನಿಸಿಕೆ. ಮಧ್ಯಾಹ್ನದ ಮೇಲೆ ಒಂದೇ ಒಂದು ಮೆರವಣಿಗೆ ಆರಿಸ್ಕೊಂಡು ಅದನ್ನ ನೆಮ್ಮದಿಯಾಗಿ ನೋಡಿ. ಭಾನುವಾರ ಸಾಲ್ವಾದೋರ್ ಚರ್ಚಿಂದ ಲಾ ಬೊರ್ರಿಕೀತಾ ಹೊರಡುತ್ತೆ, ಕತ್ತೆ ಮೇಲೆ ಕೂತ ಯೇಸು, ಮುಂದೆ ಬಿಳಿ ಬಟ್ಟೆಯ ಪುಟ್ಟ ಪುಟ್ಟ ಮಕ್ಕಳು, ನಿಮ್ಮ ಮಗಳ ಹೆದರಿಕೆ ಅಲ್ಲೇ ಹೋಗುತ್ತೆ. ಸೋಮವಾರ ಸಾನ್ ಗೊನ್ಸಾಲೋ, ಶುಕ್ರವಾರ ಎಲ್ ಕಚೋರ್ರೋ, ಇವೆರಡೂ ನಮ್ಮ ತ್ರಿಯಾನಾ ಸೇತುವೆ ದಾಟಿ ಹೋಗ್ತಾವೆ, ಅಲ್ಲಿ ಗಾಳಿ ಆಡುತ್ತೆ, ಸಂದಿಗಳಲ್ಲಿ ಆಗೋ ನೂಕುನುಗ್ಗಲು ಇರಲ್ಲ. ಕಚೋರ್ರೋ ಶಿಲುಬೆ ಮೇಲಿನ ಯೇಸು ಮೂರ್ತಿ, 1682ರಲ್ಲಿ ಫ್ರಾನ್ಸಿಸ್ಕೋ ರುಯಿಸ್ ಗಿಹೋನ್ ಕೆತ್ತಿದ್ದು, ಕೊನೇ ಉಸಿರಿನ ಕ್ಷಣ ಆ ಮುಖದಲ್ಲಿದೆ. ನಾನು ನೋಡಿರೋ ಮರದ ಶಿಲ್ಪಗಳಲ್ಲಿ ಅದಕ್ಕೆ ಸಮ ಇನ್ನೊಂದಿಲ್ಲ.

ಗುರುವಾರ ರಾತ್ರಿಯಿಂದ ಶುಕ್ರವಾರ ಬೆಳಗಿನವರೆಗೆ ಲಾ ಮದ್ರುಗಾ, ಆರು ಸಂಘಗಳು, ಮಕರೇನಾ, ಗ್ರಾನ್ ಪೊದೇರ್, ತ್ರಿಯಾನಾದ ಎಸ್ಪೆರಾನ್ಸಾ ಎಲ್ಲ ಅವತ್ತೇ. ಇಡೀ ಊರು ಎಚ್ಚರ ಇರುತ್ತೆ. ಅದಕ್ಕೆ ನಡುರಾತ್ರಿ ಹಿರಿಯರನ್ನ ಕರ್ಕೊಂಡು ಹೋಗ್ಬೇಡಿ, ದಯವಿಟ್ಟು. ಮಲಗಿ ಎದ್ದು ಶುಕ್ರವಾರ ಬೆಳಗ್ಗೆ ಹೋಗಿ, ಮಕರೇನಾ ತನ್ನ ಬಡಾವಣೆಗೆ ವಾಪಸ್ ಬರೋದು ಹಗಲಲ್ಲೇ, ಆ ಬಡಾವಣೆಯ ಹೆಂಗಸರು ಬಾಲ್ಕನಿಯಿಂದ ಹೂವಿನ ಎಸಳು ಸುರೀತಾರೆ.

ಚೂಪು ಟೋಪಿ ಬಗ್ಗೆ: ಅದು ಕಪಿರೋತೆ, ಹಾಕಿರೋರು ನಸರೇನೋಗಳು. ತಪ್ಪಿಗೆ ಪ್ರಾಯಶ್ಚಿತ್ತ ಮಾಡೋನು ಯಾರು ಅಂತ ದೇವ್ರಿಗೆ ಮಾತ್ರ ಗೊತ್ತಿರ್ಲಿ, ಊರಿಗೆ ಬೇಡ, ಅನ್ನೋದು ಅದ್ರ ಅರ್ಥ. ಇಂಥದೇ ಟೋಪಿ ಹಾಕೋ ಅಮೆರಿಕದ ಕು ಕ್ಲಕ್ಸ್ ಕ್ಲಾನ್ ಅನ್ನೋ ದ್ವೇಷದ ಗುಂಪಿಗೂ ಇದಕ್ಕೂ ಏನೂ ಸಂಬಂಧ ಇಲ್ಲ, ಇದು ಅದಕ್ಕಿಂತ ಶತಮಾನಗಳಷ್ಟು ಹಳೇದು. ಒಳಗಿರೋರು ಮೇಷ್ಟ್ರು, ನರ್ಸು, ಕಾಲೇಜು ಹುಡುಗೀರು. 2011ರಲ್ಲಿ ಇಲ್ಲಿನ ಆರ್ಚ್‌ಬಿಷಪ್ ಆದೇಶ ಹೊರಡಿಸಿದ ಮೇಲೆ ಹೆಂಗಸರಿಗೆ ಯಾವ ಸಂಘನೂ ಬೇಡ ಅನ್ನೋ ಹಾಗಿಲ್ಲ. ಮಗಳ ಕೈಗೆ ಸಿಲ್ವರ್ ಫಾಯಿಲ್ ಉಂಡೆ ಮಾಡಿ ಕೊಡಿ. ಇಲ್ಲಿನ ಮಕ್ಕಳೆಲ್ಲ ಅದನ್ನ ಹಿಡ್ಕೊಂಡು ನಸರೇನೋ ಹತ್ರ ಹೋಗಿ ಮೇಣ ಕೇಳ್ತಾರೆ, ಅವ್ರು ಬತ್ತಿ ಬಗ್ಗಿಸಿ ಉಂಡೆ ಮೇಲೆ ಹನಿ ಹನಿ ಬಿಡ್ತಾರೆ, ಒಂದು ಸಂಘದ್ದು ಬಿಳಿ, ಒಂದ್ರದ್ದು ಹಸಿರು, ಒಂದ್ರದ್ದು ಕೆಂಪು, ಪದರ ಪದರ ಆಗಿ ಉಂಡೆ ವರ್ಷ ವರ್ಷ ದಪ್ಪ ಆಗ್ತಾ ಹೋಗುತ್ತೆ. ಕೆಲವ್ರು ಚಾಕೊಲೇಟು, ಪೆಪ್ಪರ್‌ಮಿಂಟು ಕೊಡ್ತಾರೆ. ಆದ್ರೆ ಪೂರ್ತಿ ಮೌನದಲ್ಲಿ ಹೋಗೋ ಸಂಘಗಳೂ ಇವೆ, ಕಪ್ಪು ನಿಲುವಂಗಿ, ನಾರಿನ ಸೊಂಟಪಟ್ಟಿ, ಅವ್ರನ್ನ ಮಾತಾಡಿಸ್ಬಾರ್ದು.

ಅವಲಕ್ಕಿ_ಸೂಸ್ಲಾ:

ನಾ ಮಾಲಗಾದಾಗ ಇರ್ತೇನ್ರಿ, ಊರು ಧಾರವಾಡ. ಮ್ಯಾಲಿನವ್ರು ಬರದದ್ದು ಎಲ್ಲಾ ಖರೇ ಅದ, ಆದ್ರ ನಿಮ್ಮ ಅಪ್ಪಾರ ಮಂಡಿ ನೋವಿನ ವಿಚಾರಕ್ಕ ನಾ ಮಾಲಗಾ ಅಂತೇನಿ. ಇಲ್ಲೆ ರಸ್ತೆ ಅಗಲ ಅದಾವ, ಮೆರವಣಿಗಿ ದೊಡ್ಡದು, ದೂರದಿಂದನೂ ಛಲೋ ಕಾಣ್ತದ. ರೊಕ್ಕದ ಕುರ್ಚಿ ಸಾಲು ಅಲಮೇದಾ ರಸ್ತೆದಾಗ, ಲಾರಿಯೋಸ್ ಓಣ್ಯಾಗ ಹಾಕಿರ್ತಾರ, ಅವು ಬಹಳಷ್ಟು ವರ್ಷದ ಚಂದಾದಾರರಿಗೇ ಹೋಗ್ತಾವ, ಉಳದವು ಮಾರ್ತಾರ. ರೊಕ್ಕ ಬ್ಯಾಡ ಅಂದ್ರ ಕರೆತೆರೀಯಾ ಓಣಿ ತುದ್ಯಾಗ ಒಂದು ದೊಡ್ಡ ಮೆಟ್ಟಿಲಿನ ಸಾಲು ಅದ, ಬಡವರ ಗ್ಯಾಲರಿ ಅಂತನೇ ಅದರ ಹೆಸರು, ತ್ರಿಬೂನಾ ದೆ ಲೋಸ್ ಪೋಬ್ರೆಸ್, ಅಲ್ಲೆ ಮೊದಲ ಹೋಗಿ ಕೂತವ್ರಿಗೆ ಜಾಗ.

ಇಲ್ಲೆ ಪಾಸೋ ಅನ್ನೂದಿಲ್ರಿ, ತ್ರೋನೋ ಅಂತಾರ. ಸೆವಿಯಾದಾಗ ಹೊರವ್ರು ಪರದೆ ಒಳಗ, ಇಲ್ಲೆ ಹೊರಗ, ಉದ್ದಾನ ಕಂಬ ಹೆಗಲ ಮ್ಯಾಲ ಇಟಗೊಂಡು ಎಲ್ಲಾರಿಗೂ ಕಾಣೂ ಹಂಗ ಹೊರ್ತಾರ. ದೊಡ್ಡ ತ್ರೋನೋಕ್ಕ ಇನ್ನೂರಕ್ಕಿಂತ ಹೆಚ್ಚು ಮಂದಿ. ಅಷ್ಟೂ ಮಂದಿ ಒಂದ ಹೆಜ್ಜಿಗೆ ಎಡಕ್ಕ ಬಲಕ್ಕ ತೂಗ್ತಾ ಬರೂದನ್ನ ಎದುರಿಗೆ ನಿಂತು ನೋಡಿದ್ರ ಮೈ ಝುಮ್ ಅಂತದ. ಚರ್ಚಿನ ಬಾಗಲದಾಗ ಇವು ಹಿಡಿಯೂದಿಲ್ಲ, ಅದಕ್ಕ ಸಂಘದವ್ರು ತಮ್ಮದೇ ಎತ್ತರ ಬಾಗಲದ ಮನಿ ಕಟ್ಟಿಸ್ಯಾರ, ಅಲ್ಲಿಂದನೇ ಹೊರಡ್ತಾವ.

ಮೂರು ದಿನ ಹೇಳ್ತೇನಿ. ಸೋಮವಾರ ಹೇಸೂಸ್ ಕೌತೀವೋ, ಬಿಳಿ ಅಂಗಿಯ ಯೇಸು, ಹರಕಿ ಹೊತ್ತ ಸಾವಿರಾರು ಮಂದಿ ಹಿಂದ ನಡೀತಾರ. ಬುಧವಾರ ಎಲ್ ರೀಕೋ ಅನ್ನೂ ಯೇಸು ಮೂರ್ತಿ. ಅವತ್ತು ಒಬ್ಬ ಖೈದಿಗೆ ಸರಕಾರದ ಕ್ಷಮಾ ಸಿಗ್ತದ, ಅವನ ಮುಂದ ಮೂರ್ತಿ ಕೈ ಎತ್ತಿ ಆಶೀರ್ವಾದ ಮಾಡ್ತದ, ಕೈ ಒಳಗ ಕೀಲು ಇಟ್ಟಾರ. ಹದಿನೆಂಟನೇ ಶತಮಾನದಾಗ ಪ್ಲೇಗ್ ಬಂದಾಗ ಹೊರಾಕ ಮಂದಿನೇ ಇರಲಿಲ್ಲಂತ, ಖೈದಿಗಳು ಜೇಲ್ ಬಾಗಲ ಮುರದು ಬಂದು ಮೂರ್ತಿ ಹೊತ್ತು ಊರು ಸುತ್ತಿಸಿ, ಮತ್ತ ತಾವೇ ಜೇಲಿಗೆ ವಾಪಸ್ ಹೋದ್ರಂತ, ಅದನ್ನ ಕೇಳಿ ಮೂರನೇ ಕಾರ್ಲೋಸ್ ರಾಜ ಈ ಪದ್ಧತಿ ಕೊಟ್ಟ ಅಂತ ಇಲ್ಲಿನ ಮಂದಿ ಹೇಳ್ತಾರ. ಗುರುವಾರ ಮುಂಜಾನೆ ಸೈನ್ಯದ ಲೆಜಿಯೋನ್ ದಳ ಬಂದರಕ್ಕ ಬಂದು ಇಳೀತದ, ಸಾಂತೋ ದೊಮಿಂಗೋ ಚರ್ಚಿನ ಮುಂದ ಶಿಲುಬೆ ಮೂರ್ತಿನ ಕೈಮ್ಯಾಲ ಎತ್ತಿ ಹಿಡೀತಾರ. ಆ ಮೂರ್ತಿ ಮೊದಲ ಪೇದ್ರೋ ದೆ ಮೇನಾ ಕೆತ್ತಿದ್ದು ಇತ್ತು, 1931ರಾಗ ಚರ್ಚು ಸುಟ್ಟ ಗಲಾಟ್ಯಾಗ ಹೋತು, ಈಗಿಂದು ಆಮ್ಯಾಲ ಮಾಡಿದ್ದು. ಆ ಗಲಾಟ್ಯಾಗ ಮಾಲಗಾ ಕಳಕೊಂಡಷ್ಟು ಮೂರ್ತಿ ಬ್ಯಾರೆ ಊರು ಕಳಕೊಂಡಿಲ್ಲ ಅಂತ ಹಿರ್ಯಾರು ಇನ್ನೂ ನೋವಿನಿಂದ ಹೇಳ್ತಾರ. ಅದಕ್ಕೇ ಈಗ ಇರೂದನ್ನ ಇಷ್ಟು ಜೀವ ಬಿಟ್ಟು ಮಾಡ್ತಾರೇನೋ ಅನಿಸ್ತದ ನನಗ.

ಹೇಮಾವತಿ_ದಂಡೆ:

ಇಬ್ರಿಗೂ ತುಂಬಾ ತುಂಬಾ ಥ್ಯಾಂಕ್ಸ್, ಅಪ್ಪಂಗೆ ಫೋನ್‌ನಲ್ಲಿ ಓದಿ ಹೇಳ್ದೆ, ಖೈದಿಗಳ ಕತೆ ಕೇಳಿ ಎರಡು ಸಲ ಓದಿಸಿಕೊಂಡ್ರು. ಒಂದು ಸಂದೇಹ, ಪ್ರತಿ ವರ್ಷ ಈ ದಿನ ಯಾಕೆ ಬದಲಾಗುತ್ತೆ? ಅಮ್ಮ ಕೇಳ್ತಿದ್ರು, ಹುಣ್ಣಿಮೆ ಲೆಕ್ಕನಾ ಅಂತ. ಊಟದ ಬಗ್ಗೆನೂ ಹೇಳಿ.

ನಗರತ್‌ಪೇಟೆ_ಹುಡ್ಗ:

ನಿಮ್ಮ ಅಮ್ಮ ಸರಿಯಾಗೇ ಹಿಡಿದಿದ್ದಾರೆ, ಹುಣ್ಣಿಮೆ ಲೆಕ್ಕನೇ. ಮಾರ್ಚ್ 21 ಅಥವಾ ಅದರ ನಂತರ ಬರೋ ಹುಣ್ಣಿಮೆ ಆದ್ಮೇಲಿನ ಮೊದಲ ಭಾನುವಾರ ಈಸ್ಟರ್. ನಾನು ಬೆಂಗಳೂರಿನವ್ನು, ಕರಗ ಹೊರಡೋ ಬೀದಿಲೇ ಬೆಳೆದಿದ್ದು, ಕೆಲಸದ ಮೇಲೆ ಗ್ರನಾದಾದಲ್ಲಿದ್ದಾಗ ಆ ವಾರ ನೋಡಿದೀನಿ, ಮೊದಲ ರಾತ್ರಿಯಿಂದಲೇ ನಂಗೆ ಅದು ಹೊಸದು ಅನ್ನಿಸ್ಲೇ ಇಲ್ಲ. ನಮ್ಮ ಕರಗ ಚೈತ್ರ ಹುಣ್ಣಿಮೆಗೆ, ಅಲ್ವಾ. ತಿಗಳರು ತಲೆತಲಾಂತರದಿಂದ ನಡೆಸ್ಕೊಂಡು ಬಂದಿದ್ದಾರೆ, ಹೊರೋರು ವ್ರತ ಹಿಡೀತಾರೆ, ವೀರಕುಮಾರರು ಕತ್ತಿ ಹಿಡಿದು ಕಾವಲಿರ್ತಾರೆ, ಧರ್ಮರಾಯನ ಗುಡಿಯಿಂದ ನಡುರಾತ್ರಿ ಹೊರಟು ಮಸ್ತಾನ್ ಸಾಬ್ ದರ್ಗಾಗೆ ಹೋಗಿ ಪೇಟೆಯೆಲ್ಲ ಸುತ್ತಿ ಬೆಳಗಾಗೋ ಹೊತ್ತಿಗೆ ವಾಪಸ್. ಸೆವಿಯಾದ ಮದ್ರುಗಾ ಕೂಡ ಹೀಗೇ ನಿದ್ದೆ ಬಿಟ್ಟ ಊರಿನ ರಾತ್ರಿ, ಬಹುತೇಕ ಅದೇ ಬೆಳದಿಂಗಳು. 2026ರಲ್ಲಂತೂ ಕರಗ, ಮದ್ರುಗಾ ಎರಡೂ ಒಂದೇ ವಾರ ಬಿತ್ತು. 2027ರಲ್ಲಿ ಹಾಗಾಗಲ್ಲ, ಯಾಕಂದ್ರೆ 2026ರಲ್ಲಿ ನಮಗೆ ಅಧಿಕ ಜ್ಯೇಷ್ಠ ಬಂದು ಪಂಚಾಂಗ ಒಂದು ತಿಂಗಳು ಮುಂದೆ ಹೋಯ್ತು, ಅವ್ರು ಮಾರ್ಚ್ 22ರ ಹುಣ್ಣಿಮೆ ಹಿಡೀತಾರೆ, ನಮ್ಮ ಚೈತ್ರ ಹುಣ್ಣಿಮೆ ಏಪ್ರಿಲ್ 20ರ ಹತ್ರ. ಅಂದ್ರೆ ಅಪ್ಪ ಅಮ್ಮ ಇಲ್ಲಿ ಇದನ್ನ ನೋಡಿ, ಊರಲ್ಲಿ ಯುಗಾದಿ ಮಾಡಿ, ಬೆಂಗಳೂರಿಗೆ ಹೋದ್ರೆ ಕರಗನೂ ಸಿಗುತ್ತೆ. ಒಂದೇ ವರ್ಷದಲ್ಲಿ ಎರಡೂ ನೋಡೋದು ದೊಡ್ಡ ಪುಣ್ಯ ರೀ, ಸಾಧ್ಯ ಆದ್ರೆ ಬಿಡ್ಬೇಡಿ.

ಗ್ರನಾದಾನೂ ಸೇರಿಸ್ಕೊಳ್ಳೋಕಾದ್ರೆ ಬುಧವಾರ ರಾತ್ರಿ ಜಿಪ್ಸಿಗಳ ಯೇಸು ಸಾಕ್ರೊಮೋಂತೆ ಗುಡ್ಡ ಹತ್ತೋದನ್ನ ನೋಡಿ. ದಾರಿ ಪಕ್ಕದಲ್ಲಿ ಬೆಂಕಿ ಹಾಕಿರ್ತಾರೆ, ಗುಹೆ ಮನೆಗಳ ಮುಂದೆ ನಿಂತು ಸಾಯೇತಾ ಹಾಡ್ತಾರೆ, ಸಾಯೇತಾ ಅಂದ್ರೆ ವಾದ್ಯ ಇಲ್ದೇ ದೇವ್ರ ಮುಖ ನೋಡ್ಕೊಂಡು ಒಬ್ರೇ ಗಂಟಲು ಬಿಟ್ಟು ಹಾಡೋದು, ಮಂಟಪ ಅಲ್ಲೇ ನಿಲ್ಲುತ್ತೆ, ಹಾಡು ಮುಗಿಯೋವರೆಗೂ ಯಾರೂ ಉಸಿರೆತ್ತಲ್ಲ. ಆದ್ರೆ ಅದು ಕಡಿದಾದ ಏರು, ಬಹಳ ತಡರಾತ್ರಿ. ನಿಮ್ಮ ಅಪ್ಪಂಗೆ ಬೇಡ, ನೀವಿಬ್ರು ಹೋಗಿ ಬನ್ನಿ.

ಕೂರ್ಗ್_ಕಿತ್ತಳೆ:

ಫೆರಿಯಾ ಬಗ್ಗೆ ಕೇಳಿದ್ರಲ್ಲ, ಮುಂದೆ ಯಾವತ್ತಾದ್ರೂ ಬೇಕಾಗುತ್ತೆ, ಅದಕ್ಕೇ ಹೇಳ್ತೀನಿ. ಸೆವಿಯಾ ಫೆರಿಯಾ 1847ರಲ್ಲಿ ದನದ ಜಾತ್ರೆಯಾಗಿ ಶುರುವಾಗಿದ್ದು, ಯೋಚನೆ ಕೊಟ್ಟ ನಗರಸಭೆ ಸದಸ್ಯರಲ್ಲಿ ಒಬ್ರು ಬಾಸ್ಕ್, ಇನ್ನೊಬ್ರು ಕಾತಲಾನ್. 1973ರಿಂದ ಲೋಸ್ ರೆಮೇದಿಯೋಸ್ ಮೈದಾನದಲ್ಲಿ ನಡೆಯುತ್ತೆ. ಸಾವಿರಕ್ಕೂ ಹೆಚ್ಚು ಕಸೇತಾ ಅನ್ನೋ ಪಟ್ಟೆ ಬಟ್ಟೆಯ ಡೇರೆಗಳು, ಆದ್ರೆ ಬಹುಪಾಲು ಕುಟುಂಬದ್ದು, ಗೆಳೆಯರ ಗುಂಪಿನದ್ದು, ಕರೆಯೋಲೆ ಇಲ್ದೇ ಒಳಗೆ ಬಿಡಲ್ಲ. ಹೊರಗಿನವ್ರಿಗೆ ನಗರಸಭೆಯ ವಾರ್ಡ್ ಡೇರೆಗಳಿವೆ, ಇಲ್ಲಾಂದ್ರೆ ನಿಮ್ಮ ಪಕ್ಕದ ಮನೆಯವ್ರನ್ನ ಕೇಳಿ, ಅವ್ರಿಗೆ ಖಂಡಿತ ಯಾರಾದ್ರೂ ಗೊತ್ತಿರ್ತಾರೆ. ಯಾರ ಪರಿಚಯನೂ ಇಲ್ಲ ಅಂದ್ರೆ ಮೇ ತಿಂಗಳಲ್ಲಿ ಹೆರೆಸ್ ಊರಿನ ಕುದುರೆ ಜಾತ್ರೆಗೆ ಹೋಗಿ, ಅಲ್ಲಿ ಹೆಚ್ಚಿನ ಡೇರೆ ಎಲ್ರಿಗೂ ತೆರೆದಿರುತ್ತೆ.

ನನ್ನ ಮನಸ್ಸು ಇರೋದು ಮಾತ್ರ ಕೋರ್ದೊಬಾದ ಪಾತಿಯೋಗಳ ಮೇಲೆ. ಮೇ ಮೊದಲ ಎರಡು ವಾರ ಹಳೇ ಬಡಾವಣೆಯ ಮನೆಯವ್ರು ತಮ್ಮ ಒಳಾಂಗಳದ ಬಾಗ್ಲು ತೆಗೆದಿಡ್ತಾರೆ, ಸುಣ್ಣದ ಗೋಡೆ ತುಂಬ ನೀಲಿ ಕುಂಡಗಳಲ್ಲಿ ಜೆರೇನಿಯಂ, ದುಡ್ಡು ಕೊಡಬೇಕಾಗಿಲ್ಲ. ಮೇಲಿನ ಕುಂಡಕ್ಕೆ ನೀರು ಹಾಕೋಕೆ ಉದ್ದ ಬಿದಿರು ಗಳಕ್ಕೆ ತಗಡಿನ ಡಬ್ಬಿ ಕಟ್ಕೊಂಡಿರ್ತಾರೆ, ಎಪ್ಪತ್ತು ದಾಟಿದ ಅಜ್ಜಿಯರು ಒಂದು ಹನಿ ಗೋಡೆಗೆ ಚೆಲ್ಲದೇ ಹಾಕೋದನ್ನ ನೋಡ್ಬೇಕು. ಸ್ಪರ್ಧೆ 1921ರಿಂದ ಇದೆ, 2012ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರ್ತು. ಎಲ್ ರೊಸೀಯೋ ಅಂತ ಇನ್ನೊಂದಿದೆ, ಪೆಂಟಿಕಾಸ್ಟ್ ಹೊತ್ತಿಗೆ, ಅಂದ್ರೆ ಈಸ್ಟರ್ ಆಗಿ ಏಳನೇ ಭಾನುವಾರ, 2027ರಲ್ಲಿ ಮೇ 16ಕ್ಕೆ. ಎತ್ತಿನ ಗಾಡಿ, ಕುದುರೆ, ಕಾಲ್ನಡಿಗೆಲಿ ನೂರಕ್ಕೂ ಹೆಚ್ಚು ಸಂಘಗಳು ದೊನ್ಯಾನಾ ಕಾಡಿನ ಸುತ್ತಿಂದ ಬಂದು ಅಲ್ಮೊಂತೆ ಹತ್ರದ ಒಂದು ಮರಳು ಬೀದಿ ಹಳ್ಳಿಲಿ ಸೇರ್ತಾರೆ. ಮೇರಿಯಮ್ಮನ ಮೂರ್ತಿನ ಹೊರೋ ಹಕ್ಕು ಅಲ್ಮೊಂತೆಯವ್ರದ್ದು ಮಾತ್ರ, ಸೋಮವಾರ ನಸುಕಿಗೆ ಕಬ್ಬಿಣದ ಗ್ರಿಲ್ ಹಾರಿ ಒಳಗೆ ನುಗ್ತಾರೆ. ಆ ನೂಕಾಟದಲ್ಲಿ ಮಕ್ಕಳು ಹಿರಿಯರು ಹತ್ರಕ್ಕೂ ಹೋಗ್ಬಾರ್ದು.

ತ್ರಿಯಾನಾ_ಸೇತುವೆ:

ಊಟದ ಪ್ರಶ್ನೆ ಉಳೀತು. ನೀವು ಬರೋದು ಉಪವಾಸದ ಕಾಲ, ಹಾಗಾಗಿ ಮಾಂಸ ಇಲ್ಲದ ಅಡಿಗೆ ಬೇರೆ ದಿನಕ್ಕಿಂತ ಜಾಸ್ತಿ ಸಿಗುತ್ತೆ, ಮೀನು ಮಾತ್ರ ಎಲ್ಲ ಕಡೆ ಇರುತ್ತೆ. ಪಾಲಕ್ ಕಡಲೆಕಾಳು ಪಲ್ಯ ಸಿಗುತ್ತೆ, ಎಸ್ಪಿನಾಕಾಸ್ ಕೋನ್ ಗರ್ಬಾನ್ಸೋಸ್, ಜೀರಿಗೆ ಬೆಳ್ಳುಳ್ಳಿ ಹಾಕಿರ್ತಾರೆ, ನಿಮ್ಮ ಅಪ್ಪಂಗೆ ಖಂಡಿತ ಹಿಡಿಸುತ್ತೆ. ಬದನೇಕಾಯಿ ಕರಿದು ಮೇಲೆ ಕಬ್ಬಿನ ಪಾಕ ಸುರಿದು ಕೊಡೋದೂ ಇದೆ. ಸಾಲ್ಮೊರೇಹೋ ತಣ್ಣನೆ ಟೊಮೆಟೊ ಸಾರು ಕೇಳಿದ್ರೆ ಮೇಲೆ ಹ್ಯಾಮ್ ಮೊಟ್ಟೆ ಉದುರಿಸ್ತಾರೆ, ಬೇಡ ಅಂತ ಮೊದ್ಲೇ ಹೇಳಿ. ತೊರ್ರೀಹಾ ಅನ್ನೋ ಬ್ರೆಡ್ ಸಿಹಿಗೆ ಮೊಟ್ಟೆ ಇರುತ್ತೆ, ಅದು ನಿಮಗಾಗಲ್ಲ. ಜೇನುತುಪ್ಪದ ಪೆಸ್ತಿನ್ಯೋ ಅನ್ನೋ ಕರಿದ ಸಿಹಿನ ಕೆಲವ್ರು ಎಣ್ಣೇಲಿ ಮಾಡ್ತಾರೆ, ಕೆಲವ್ರು ಹಂದಿ ಕೊಬ್ಬು ಹಾಕ್ತಾರೆ, ಕೇಳಿ ತಗೊಳ್ಳಿ.

ಬಟ್ಟೆ ಸಾಧಾರಣ ಇರ್ಲಿ, ಚಡ್ಡಿ ಬೇಡ. ಮೆರವಣಿಗೆ ಮಧ್ಯೆ ಸಾಲು ಕಡಿದು ದಾಟ್ಬೇಡಿ, ಎರಡು ಗುಂಪಿನ ನಡುವೆ ಜಾಗ ಬಿಟ್ಟಾಗ ದಾಟಿ. ಕ್ರಿಶ್ಚಿಯನ್ನರಾ ಅಂತ ಯಾರೂ ಕೇಳಲ್ಲ, ನಿಮ್ಮ ಅಮ್ಮ ಕೈ ಮುಗಿದ್ರೆ ಪಕ್ಕದಲ್ಲಿರೋ ಅಜ್ಜಿ ಅವ್ರಿಗೆ ಮುಂದೆ ಜಾಗ ಮಾಡ್ಕೊಡ್ತಾರೆ, ಇಲ್ಲಿನ ಜನ ಹಾಗೇ. ಕಿಕ್ಕಿರಿದ ಬೀದಿಗಳಲ್ಲಿ ಮಡಚೋ ಕುರ್ಚಿಗೆ ನಗರಸಭೆ ನಿರ್ಬಂಧ ಇದೆ, ಅದ್ರ ಮೇಲೆ ನಂಬಿಕೆ ಇಟ್ಕೊಂಡು ಬರ್ಬೇಡಿ, ಕಾಫಿ ಅಂಗಡಿ ಹೊರಗಿನ ಟೇಬಲ್ ಹಿಡೀರಿ.

ಮಳೆ ಬಂದ್ರೆ? ಸಂಘದ ಪದಾಧಿಕಾರಿಗಳು ಹವಾಮಾನ ವರದಿ ನೋಡಿ ಕೊನೇ ಗಳಿಗೆಲಿ ತೀರ್ಮಾನ ಮಾಡ್ತಾರೆ, ನೂರಾರು ವರ್ಷದ ಮೂರ್ತಿ, ಕಸೂತಿ ನೆನೆಯೋ ಹಾಗಿಲ್ಲ. 2020, 2021ರಲ್ಲಿ ಕೋವಿಡ್‌ನಿಂದ ಮೆರವಣಿಗೆಯೇ ಇರ್ಲಿಲ್ಲ, 2024ರಲ್ಲಿ ಮಳೆ ಬಹಳಷ್ಟನ್ನ ನಿಲ್ಲಿಸ್ತು. ವರ್ಷವಿಡೀ ಕಾದ ಕೊಸ್ತಲೇರೋಗಳು ಚರ್ಚಿನೊಳಗೆ ಒಬ್ರನ್ನೊಬ್ರು ತಬ್ಕೊಂಡು ಅಳ್ತಾರೆ. ಹಾಗಾದ್ರೆ ಬೇಜಾರು ಮಾಡ್ಕೋಬೇಡಿ, ಕೆಲವು ಸಂಘ ಬಾಗ್ಲು ತೆಗೆದು ಜನರನ್ನ ಒಳಗೆ ಬಿಡುತ್ತೆ.

ಹೇಮಾವತಿ_ದಂಡೆ:

ತೀರ್ಮಾನ ಆಯ್ತು. ಭಾನುವಾರದಿಂದ ಮಂಗಳವಾರ ಸೆವಿಯಾ, ಬುಧವಾರ ಗುರುವಾರ ಮಾಲಗಾ. ಮ್ಯಾಡ್ರಿಡ್‌ನಿಂದ ಸೆವಿಯಾಗೆ ರೈಲು ಎರಡೂವರೆ ಗಂಟೆ ತಾನೆ, ಟಿಕೆಟ್ ಬಿಟ್ಟ ತಕ್ಷಣ ತಗೋತೀವಿ. ಅಪ್ಪಂಗೆ ಚಪ್ಪಲಿನಾ ಶೂನಾ?

ಅವಲಕ್ಕಿ_ಸೂಸ್ಲಾ:

ಶೂ ರೀ, ತಳದಾಗ ಹಿಡಿತ ಇರೂ ರಬ್ಬರಿಂದು. ಆ ವಾರ ರಸ್ತೆ ತುಂಬ ಮೇಣ ಬಿದ್ದಿರ್ತದ, ಕಾರಿನ ಗಾಲಿ ಕಿರ್ ಕಿರ್ ಅಂತ ಒದರ್ತಾವ, ಬೈಕಿನವ್ರು ಜಾರಿ ಬೀಳ್ತಾರ. ಅಪ್ಪಾರನ್ನ ಫುಟ್‌ಪಾತ್ ಮ್ಯಾಲೇ ನಡಸ್ರಿ. ಮಾಲಗಾದಾಗ ಲಾಡ್ಜು ಹಳೇ ಊರಾಗ ಹಿಡೀಬ್ಯಾಡ್ರಿ, ಮೆರವಣಿಗಿ ನಡದಾಗ ರಸ್ತೆ ಬಂದ್ ಆಗಿ ಟ್ಯಾಕ್ಸಿ ಬಾಗಲಕ್ಕ ಬರೂದಿಲ್ಲ. ರೈಲ್ವೆ ಸ್ಟೇಷನ್ ಹತ್ರ ಹಿಡೀರಿ, ಅಲ್ಲಿಂದ ಅಲಮೇದಾಕ್ಕ ಸಪಾಟ ದಾರಿ ಅದ.